ಕಾರ್ಡಿಗೊಂದು ಜಾಗ

ದಾನಪ್ಪ ಫೋರ್ಟ್ ಪೇಟೆಯ ಗಲ್ಲಿಯೊಂದರಲ್ಲಿ ಹಿತ್ತಾಳೆಯ ಹೆಸರಫಲಕ ಕೆತ್ತುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ಕೆತ್ತುವ ಯಂತ್ರ ತಂದು ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದರು. ಹದಿನೈದು ವರ್ಷದ ಆ ಕಂಪ್ಯೂಟರು ಅರ್ಧ ಮೇಜನ್ನೇ ನುಂಗಿತ್ತು.

ಅಲ್ಲೇ ಹತ್ತಿರದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮಗಳು ಸ್ನೇಹಲ್, ಅಪ್ಪನಿಗೆ ಅರವತ್ತು ತುಂಬಿತೆಂದು ಟಿಫಿನ್ ಡಬ್ಬಿಯಷ್ಟಿದ್ದ ಹೊಸ ಕಂಪ್ಯೂಟರು ತಂದಳು. ಭಾನುವಾರ ತಾನೇ ಅಂಗಡಿಗೆ ಹೋಗಿ ಫೈಲುಗಳನ್ನೆಲ್ಲ ಅದಕ್ಕೆ ತುಂಬಿ, ಹಳೆಯದನ್ನು ಆಂಟಾಪ್ ಹಿಲ್‌ನ ಮನೆ ಹತ್ತಿರದ ಗುಜರಿಗೆ ಕೊಟ್ಟುಬಿಟ್ಟಳು.

ಸೋಮವಾರ ದಾನಪ್ಪ ಯಂತ್ರದ ಕೇಬಲ್ ಹಿಡಿದು ಹೊಸ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ಕೇಬಲ್ ಸಿಕ್ಕಿಸುವ ಕಾರ್ಡು ಹಳೆಯದರ ಒಳಗಿನ ಸ್ಲಾಟಿನಲ್ಲಿ ಕೂತಿತ್ತು. ಹೊಸದರಲ್ಲಿ ಸ್ಲಾಟೇ ಇರಲಿಲ್ಲ.

ಸಂಜೆ ಸ್ನೇಹಲ್ ಕೇಳಿದಳು, "ಅಪ್ಪಾ, ಹೊಸಾದು ಕೈಸಾ ಐತಿ?"

"ಭಾಳ ಚಲೋ ಐತಿ. ಸಪ್ಪಳನ ಇಲ್ಲ."

ಗುರುವಾರ ಮಧ್ಯಾಹ್ನ ಅಪ್ಪನನ್ನು ಊಟಕ್ಕೆ ಕರೆಯಲು ಅಂಗಡಿಗೆ ಬಂದವಳು ಬಾಗಿಲಲ್ಲೇ ನಿಂತಳು. ದಾನಪ್ಪ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಉಳಿ ಒತ್ತುತ್ತಿದ್ದರು. ಹೊಸದಾಗಿ ವಕೀಲಿ ಶುರುಮಾಡಿದ ನಮಿತಾ ಎಂಬಾಕೆಯ ಫಲಕ ಅದು. ಗೀರು ಜಾರಿ ಕೆಟ್ಟ ಎರಡು ಫಲಕಗಳು ಪಕ್ಕದಲ್ಲಿದ್ದವು.

"ಮಷೀನ್ ಯಾಕ ಬಂದ್?"

ದಾನಪ್ಪ ಹೇಳಲೇಬೇಕಾಯಿತು.

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀ ಅಷ್ಟು ಖುಷಿಲೆ ತಂದಿದ್ದಿ."

ಸ್ನೇಹಲ್ ಕೆಟ್ಟ ಫಲಕವೊಂದನ್ನು ಕೈಗೆತ್ತಿಕೊಂಡಳು. "ಆಜ್‌ಕಲ್ ಸ್ಲಾಟ್ ಯಾರಿಗೂ ಬ್ಯಾಡ ಅಂತ ತಿಳಕೊಂಡಿದ್ದೆ, ಅಪ್ಪಾ. ನಿನ್ನ ಕೇಳಬೇಕಿತ್ತು."

"ನಿಮ್ಮ ಬ್ಯಾಂಕಿಗೆ ಬ್ಯಾಡ ಇರಬಹುದವಾ. ಈ ಮಷೀನಿಗೆ ಬೇಕು."

ಇಬ್ಬರೂ ಊಟ ಬಿಟ್ಟು ಲೋಕಲ್ ರೈಲು ಹಿಡಿದು ಗುಜರಿಗೆ ಹೋದರು. ಅದನ್ನು ನಡೆಸುವ ಕಸ್ತೂರಿಬಾಯಿ ತಲೆಯಾಡಿಸಿದಳು. "ಡಬ್ಬಾ ನಿನ್ನೇನ ಬಿಚ್ಚಿದ್ವಿ. ಕಾರ್ಡ್ ಎಲ್ಲಾ ಆ ಚೀಲಗಳಾಗ ಅದಾವ. ನಾಳೆ ಒಯ್ಯಾಕ ಗಾಡಿ ಬರತೈತಿ."

ಸ್ನೇಹಲ್ ಆಫೀಸಿನ ಬಟ್ಟೆಯಲ್ಲೇ ನೆಲಕ್ಕೆ ಕೂತು ಚೀಲಗಳನ್ನು ಸುರುವಿದಳು. ಒಂದೊಂದು ಕಾರ್ಡನ್ನೂ ಎತ್ತಿ ಅಪ್ಪನಿಗೆ ತೋರಿಸಿದಳು. ಮೂರನೆಯ ಚೀಲದ ತಳದಲ್ಲಿ ಅದು ಸಿಕ್ಕಿತು. ದಾನಪ್ಪ ಅಂಗಿಯ ತುದಿಯಿಂದ ಧೂಳು ಒರೆಸಿ ಜೇಬಿಗಿಟ್ಟುಕೊಂಡರು. ಇವರ ಪಾಡು ನೋಡಿದ ಕಸ್ತೂರಿಬಾಯಿ ಒಳಗಿನಿಂದ, ಇನ್ನೂ ನಡೆಯುತ್ತಿದ್ದ, ಸ್ಲಾಟ್ ಇದ್ದ ಕಂಪ್ಯೂಟರೊಂದನ್ನು ಹೊರಿಸಿ ತಂದಳು.

ಮರುದಿನ ಸ್ನೇಹಲ್ ರಜೆ ಹಾಕಿದಳು. ಅಂಗಡಿಗೆ ತಂದಿಟ್ಟ ಆ ಗುಜರಿಯ ಕಂಪ್ಯೂಟರಿಗೆ ಕಾರ್ಡನ್ನು ಅವಳ ಕೈಯಿಂದಲೇ ಹಾಕಿಸಿದರು ದಾನಪ್ಪ.

"ಜೋರ್ ಮಾಡಬ್ಯಾಡ. ಎರಡೂ ಕಡೆ ಸಮಾ ಒತ್ತು."

ಕಾರ್ಡು ಟಕ್ಕೆಂದು ಕೂತಿತು. ಯಂತ್ರದ ಸೂಜಿ ಹಿತ್ತಾಳೆಯ ಮೇಲಿಳಿದು ಹೆಸರು ಬರೆಯತೊಡಗಿದಾಗ ಸ್ನೇಹಲ್ ಕಣ್ಣೊರೆಸಿಕೊಂಡಳು. ಹೊಸ ಡಬ್ಬಿಯನ್ನು ಹಿಂದಿರುಗಿಸಲು ದಾನಪ್ಪ ಒಪ್ಪಲಿಲ್ಲ. ಅಕ್ಷರಗಳ ನಕ್ಷೆ ತೆಗೆಯುವುದು ಅದರಲ್ಲೇ ಹಗುರ ಎಂದರು. ಈ ಸಲ ಅದು ನಿಜವೇ ಆಗಿತ್ತು.

ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಅವರು ಕೈ ಮುಂದೆ ಚಾಚಿದರು.

"ಮಣಿಕಟ್ಟು ಭಾಳ ನೋಯತೈತಿ, ಸ್ನೇಹಲ್. ಡಾಕ್ಟರ್ ಕಡೆ ಹೋಗೂಣು."