ಎಂಟೋ ಹನ್ನೆರಡೋ

ಮೂರನೇ ಮಹಡಿ, ಅಂದಿತು ಮೇಜಿನ ಮೇಲಿನ ಲಿಫ್ಟಿನ ಸರ್ಕ್ಯೂಟ್ ಬೋರ್ಡು, ಆದರೆ ಇದೇನು ದನಿ, ಬಸ್ಸಿನ ಹಿಂದೆ ಓಡುವವಳ ಹಾಗೆ ಕೀರಲಾಗಿ, ಗಡಬಡಿಸಿ, ಟೆಸ್ಟಿಂಗಿನವಳು ನಗುತ್ತಿದ್ದಾಳೆ, ಮೇಡಂ, ನಿಮ್ಮ ಲಿಫ್ಟಿಗೆ ಯಾಕೋ ಭಾರೀ ಅರ್ಜೆಂಟು, ಹಳೇ ಡಬ್ಬದ ಬೋರ್ಡು ನೋಡಿ, ಎಂಟರದಲ್ಲ, ಹನ್ನೆರಡು ಮೆಗಾಹರ್ಟ್ಸಿನ ಕ್ರಿಸ್ಟಲ್ ಇರಬೇಕು — ಹನ್ನೆರಡು, ಪ್ರೋಗ್ರಾಂ ಬರೆದ ಇವಳು ತಾನೂ ನಗೋಣವೆಂದು ಬಾಯಿ ತೆರೆದಳು, ನಗು ಬರಲಿಲ್ಲ, ಆ ಪುಟ್ಟ ಹರಳು ಮಿಡಿದಂತೆ ತಾನೇ ಬೋರ್ಡು ಹೊತ್ತು ಎಣಿಸುವುದು, ಎಂಟರದು ಎಂದು ನಂಬಿಸಿದ ಬೋರ್ಡಿನಲ್ಲಿ ಹನ್ನೆರಡರದು ಕೂತಿದ್ದರೆ ಎಲ್ಲವೂ ಒಂದೂವರೆ ಪಟ್ಟು ಓಡುತ್ತದೆ, ದನಿಯೂ, ಗಂಟೆಯೂ, ಮೊದಲೆಲ್ಲ ಪ್ರೋಗ್ರಾಂ ತುಂಬುವಾಗ ಕಂಪ್ಯೂಟರು ಕೇಳುತ್ತಿತ್ತು, ಎಂಟೋ ಹನ್ನೆರಡೋ, ಎಲ್ಲರೂ ಕಣ್ಣುಮುಚ್ಚಿ ಎಂಟು ಒತ್ತುತ್ತಿದ್ದರು, ಅದಕ್ಯಾಕಮ್ಮ ಇಷ್ಟೆಲ್ಲ ವಿಚಾರಣೆ, ಒಂದೇ ಗುಂಡಿ ಮಾಡಿಬಿಡು, ಅಂದರು ಮ್ಯಾನೇಜರು, ಮಾಡಿದಳು, ಪ್ರಶ್ನೆ ಕಿತ್ತು ಹಾಕಿದಳು, ಭೇಷ್ ಅನ್ನಿಸಿಕೊಂಡಳು, ಅದೇ ಗುಂಡಿ ಒತ್ತಿ, ಅದೇ ಹಳೇ ಡಬ್ಬದ ಬೋರ್ಡೊಂದನ್ನು ಮನೆಗೆ ಒಯ್ದವಳೂ ಅವಳೇ, ಮರೆವಿನ ಅಪ್ಪನ ಮಾತ್ರೆ ಡಬ್ಬಿಗೆ.

ನಿನ್ನೆ ಬೆಳಿಗ್ಗೆ ತಾನೇ ಶುರು ಮಾಡಿದ್ದು, ಸಕ್ಕರೆ ಕಾಯಿಲೆಯ ಮಾತ್ರೆ, ಬೆಳಿಗ್ಗೆ ಎಂಟಕ್ಕೊಂದು ರಾತ್ರಿ ಎಂಟಕ್ಕೊಂದು, ಹೊತ್ತಾದರೆ ಡಬ್ಬಿ ಅವಳದೇ ದನಿಯಲ್ಲಿ ಹೇಳುತ್ತದೆ, ಅಪ್ಪಾ, ಮಾತ್ರೆ ತಗೊಳ್ಳಿ, ಅಪ್ಪ ಅಂಗೈ ಒಡ್ಡುತ್ತಾರೆ, ಬಿಳಿ ಮಾತ್ರೆ ಬೀಳುತ್ತದೆ, ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ದರ್ಜಿಯ ಅಂಗೈ — ಚಿಕ್ಕವಳಿದ್ದಾಗ ಇವಳೇ ಅಂಗೈ ಒಡ್ಡುತ್ತಿದ್ದಳು, ಅಪ್ಪ ಒಂದೊಂದೇ ಗುಂಡಿ ಇಡುತ್ತಿದ್ದರು, ನುಂಗಿಬಿಟ್ಟೀಯಾ ಹುಷಾರು, ಅನ್ನುತ್ತಿದ್ದರು — ನಿನ್ನೆ ತಡವಾಗಿ ಮನೆಗೆ ಹೋದಾಗ ಒಂದು ಮಾತ್ರೆ ಖಾಲಿಯಾಗಿತ್ತು, ಸದ್ಯ, ರಾತ್ರಿಯದು ನುಂಗಿದ್ದಾರೆ ಅಂದುಕೊಂಡಳು, ಡಬ್ಬಿಯ ಹನ್ನೆರಡು ತಾಸು ಎಂಟೇ ತಾಸಿಗೆ ಮುಗಿದು ಅದು ಸಂಜೆ ನಾಲ್ಕಕ್ಕೇ ಬಿದ್ದದ್ದು, ಆಮೇಲೆ ನಡುರಾತ್ರಿ ಅಪ್ಪ ಬಂದು ಎಬ್ಬಿಸಿದರಲ್ಲ, ಕರೆದೆಯಾ ಮಗಳೇ, ಯಾರೂ ಕರೀಲಿಲ್ಲ ಅಪ್ಪಾ, ಸುಮ್ನೆ ಮಲ್ಕೊಳ್ಳಿ, ನನ್ನ ಪ್ರಾಣ ತಿನ್ನಬೇಡಿ — ಕರೆದಿದ್ದಳು, ಅವಳೇ ಕರೆದಿದ್ದಳು, ಇವತ್ತು ಬೆಳಿಗ್ಗೆ ಡಬ್ಬಿ ಸರಿಯಾದ ಹೊತ್ತಿಗೇ ಕರೆದಾಗ ಬಚ್ಚಲಿನಿಂದಲೇ ಹಿಗ್ಗಿದಳು, ನಿನ್ನ ದನಿಗೆ ಏನಮ್ಮ ಇಷ್ಟೊಂದು ಅವಸರ, ಅಂದರು ಅಪ್ಪ, ಸ್ಪೀಕರು ಅಗ್ಗದ್ದು ಅಪ್ಪಾ, ಅಂದಳು, ಅವರ ಕೈ ನಡುಗಿ ಕಾಫಿ ಚೆಲ್ಲಿತು, ನಿದ್ದೆಗೆಟ್ಟದ್ದಕ್ಕೆ ಇರಬೇಕು ಅಂದುಕೊಂಡು ಒರೆಸಿದಳು, ಅಪ್ಪ ಹೊರಗೆ ಹೋಗಿ ದಾರಿ ತಪ್ಪಿಯಾರೆಂದು ಎಂದಿನಂತೆ ಬೀಗ ಹಾಕಿಕೊಂಡು ಬಂದಳು, ಬೀಗದ ಕೈ ಇಲ್ಲೇ ಬ್ಯಾಗಿನಲ್ಲಿದೆ, ಪಕ್ಕದ ಮನೆಯವರಿಗೆ ಫೋನು ಮಾಡಿ ಏನು ಹೇಳುವುದು, ಕಿಟಕಿಯಿಂದ ಇಣುಕಿ ನೋಡಿ ಎಂದೇ, ಗೋಡೆಯ ಗಡಿಯಾರದಲ್ಲಿ ನಾಲ್ಕಾಗುತ್ತಾ ಬಂತು, ನಾಲ್ಕು, ಈಗ ಮತ್ತೆ ಕರೆಯುತ್ತದೆ, ಬೆರಳು ತಪ್ಪು ನಂಬರು ಒತ್ತುತ್ತಿದೆ, ಅಳಿಸಿ ಮತ್ತೆ ಒತ್ತಿದಳು, ಎತ್ತಿ ಅಪ್ಪಾ, ಎತ್ತಿ.

ಎತ್ತಿದರು. ಅಪ್ಪಾ, ಊಟ ಮಾಡಿದ್ರಾ, ಇಲ್ಲಮ್ಮ, ಯಾಕೋ ಸೇರಲಿಲ್ಲ, ಮೈಯೆಲ್ಲ ಬೆವರು, ಅಪ್ಪನ ನಾಲಿಗೆ ತೊದಲುತ್ತಿದೆ, ಅಪ್ಪಾ, ನಾನು ಹೇಳೋದು ಕೇಳಿ, ಆ ಡಬ್ಬಿ ಏನು ಹೇಳಿದರೂ ಕೇಳಬೇಡಿ, ಮಾತ್ರೆ ಹೆಚ್ಚಾಗಿ ಶುಗರ್ ಇಳಿದುಬಿಟ್ಟಿದೆ, ಅಡುಗೆಮನೆಗೆ ಹೋಗಿ ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ, ಈಗಲೇ, ಯಾರು ತಾಯೀ ಮಾತಾಡ್ತಿರೋದು, ನಾನಪ್ಪಾ, ನಾನು, ನಿಮ್ಮ ಮಗಳು — ಆಗ ಅವರ ಬೆನ್ನ ಹಿಂದೆಲ್ಲೋ ಕೇಳಿಸಿತು, ಕೀರಲಾಗಿ, ಗಡಬಡಿಸಿ, ಅಪ್ಪಾ, ಮಾತ್ರೆ ತಗೊಳ್ಳಿ, ಸ್ವಲ್ಪ ಇರಿ ತಾಯೀ, ಅಂದರು ಅಪ್ಪ, ಎಷ್ಟು ಮರ್ಯಾದೆಯಿಂದ ಅಂದರು, ನನ್ನ ಮಗಳು ಕರೀತಿದ್ದಾಳೆ, ರಿಸೀವರು ಮೇಜಿನ ಮೇಲೆ ಕೂತ ಸದ್ದು, ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು, ಅಪ್ಪಾ, ಬೇಡ ಅಪ್ಪಾ, ಇಡೀ ರೂಮು ತಿರುಗಿ ನೋಡುವಂತೆ ಕೂಗುತ್ತಿದ್ದಾಳೆ, ಮುಚ್ಚಳ ತೆರೆದುಕೊಂಡ ಸದ್ದು, ಅಂಗೈ, ಬಿಳಿ ಮಾತ್ರೆ, ಅಂಗೈ —