ಹನ್ನೊಂದನೇ ತಾರೀಖು

"ರಂಜಿತ, ಕ್ಯಾತನಹಳ್ಳಿ. ಬಂದಿಲ್ಲ," ಎಂದು ರಾಮಸ್ವಾಮಿಯವರು ಫೋನಿನಲ್ಲಿ ಓದುತ್ತಿದ್ದರು. "ಪುಟ್ಟತಾಯಮ್ಮ, ಹೊಸಹೊಳಲು. ಬಂದಿಲ್ಲ. ನಿನ್ನೆ ಇವತ್ತು ಸೇರಿ ಇಪ್ಪತ್ತೆರಡು ಜನ ಬಂದೇ ಇಲ್ಲ ಕಣಯ್ಯ ಸಿದ್ದರಾಜು. ಕಾಗದ ಹಾಕಿದ್ಯೋ ಇಲ್ವೋ?"

ಹಾಕಿದ್ದ. ಪಾಂಡವಪುರದ ಅಂಚೆ ಕಚೇರಿಗೆ ತಾನೇ ಚೀಲದಲ್ಲಿ ಹೊತ್ತುಕೊಂಡು ಹೋಗಿ ಹಾಕಿದ್ದ. ಶ್ರೀರಂಗಪಟ್ಟಣದ ಹತ್ತಿರ ಹೊಸದಾಗಿ ಶುರುವಾಗುತ್ತಿದ್ದ ಹೆಣ್ಣುಮಕ್ಕಳ ವಸತಿ ಶಾಲೆಗೆ ಆರು ಜನ ಆಯಾಗಳು ಬೇಕಾಗಿದ್ದರು. ಅರ್ಜಿ ಹಾಕಿದ ನೂರ ನಲವತ್ತು ಹೆಂಗಸರಿಗೆ ಸಂದರ್ಶನದ ಕಾಗದ ಮಾಡಿಕೊಡುವ ಕೆಲಸವನ್ನು ಶಾಲೆಯ ಕಾರ್ಯದರ್ಶಿ ರಾಮಸ್ವಾಮಿಯವರು ಅವನ ಕಂಪ್ಯೂಟರ್ ಅಂಗಡಿಗೆ ಕೊಟ್ಟಿದ್ದರು. ಟೈಪಿಸ್ಟ್ ಆಗಿದ್ದರೆ ವಾರ ಹಿಡಿಯುತ್ತಿತ್ತು. ಸಿದ್ದರಾಜು ಒಂದೇ ಒಂದು ಮಾದರಿ ಕಾಗದ ಬರೆದ. ಹೆಸರು, ಗಂಡ, ಊರು, ಗಂಟೆ, ತಾರೀಖು ಬರಬೇಕಾದ ಕಡೆ ಒಂದೊಂದು ಗುರುತಿನ ಪದ ಇಟ್ಟ. ಆ ಗುರುತುಗಳನ್ನು ತೆಗೆದು ಪಟ್ಟಿಯಲ್ಲಿರುವ ಒಬ್ಬೊಬ್ಬರ ವಿವರ ತುಂಬು ಎಂದು ಆಕ್ ಎಂಬ ಪ್ರೋಗ್ರಾಮಿಗೆ ನಾಲ್ಕು ಸಾಲಿನಲ್ಲಿ ಹೇಳಿದ. ಕಣ್ಣು ಮಿಟುಕಿಸುವುದರೊಳಗೆ ನೂರ ನಲವತ್ತು ಕಾಗದ ತಯಾರು. ಮೇಲಿನ ಹತ್ತನ್ನು ಓದಿ ನೋಡಿ, ತನ್ನ ಬೆನ್ನು ತಾನೇ ತಟ್ಟಿಕೊಂಡ. ಆ ಹತ್ತು ಹೆಂಗಸರ ಗಂಡಂದಿರೂ ಬದುಕಿದ್ದರು, ಅದೇ ಕೆಟ್ಟದ್ದಾಯಿತು.

ಈಗ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಪಟ್ಟಿ ತೆಗೆದು ನೋಡಿದ. 'ರಂಜಿತ ಲೇಟ್ ಶಿವಣ್ಣ ಕ್ಯಾತನಹಳ್ಳಿ 11 9' ಎಂದಿತ್ತು. ಬಾರದಿದ್ದ ಇಪ್ಪತ್ತೆರಡು ಹೆಂಗಸರ ಸಾಲಿನಲ್ಲೂ ಆ ಲೇಟ್ ಇತ್ತು.

ಗಂಡ ಸತ್ತಿದ್ದರೆ ಅವನ ಹೆಸರಿಗೆ ಮೊದಲು ಲೇಟ್ ಎಂದು ಬರೆಸುವುದು ಈ ಕಡೆಯ ಮರ್ಯಾದೆ. ಆಕ್‌ಗೆ ಸತ್ತವರು ಗೊತ್ತಿಲ್ಲ, ಇದ್ದವರು ಗೊತ್ತಿಲ್ಲ. ಅದು ಪದ ಎಣಿಸುತ್ತದೆ, ಅಷ್ಟೆ. ಎರಡನೆಯದು ಗಂಡ, ಮೂರನೆಯದು ಊರು, ನಾಲ್ಕನೆಯದು ಗಂಟೆ, ಐದನೆಯದು ತಾರೀಖು. ಒಂದು ಪದ ಹೆಚ್ಚಾದದ್ದಕ್ಕೆ ಎಲ್ಲವೂ ಒಂದೊಂದು ಮನೆ ಸರಿದು ಕೂತಿದ್ದವು. ರಂಜಿತಳ ಕಾಗದದಲ್ಲಿ ಗಂಡ ಲೇಟ್, ಊರು ಶಿವಣ್ಣ, ಗಂಟೆ ಕ್ಯಾತನಹಳ್ಳಿ, ಗಂಟೆಯಾಗಬೇಕಿದ್ದ ಹನ್ನೊಂದೇ ತಾರೀಖು. ಕವರಿನ ಮೇಲಿನ ವಿಳಾಸ ಕೈಬರಹದ್ದಾದ್ದರಿಂದ ಕಾಗದ ಮಾತ್ರ ಸರಿಯಾಗಿ ಮನೆ ತಲುಪಿತ್ತು. ಇವತ್ತು ಒಂಬತ್ತು, ಸಂದರ್ಶನದ ಕೊನೆಯ ದಿನ.

"ಸಾ, ನನ್ದೇ ತಪ್ಪು," ಎಂದ ಸಿದ್ದರಾಜು. "ಗಂಡ ಇಲ್ದಿರೋರ್ಗೆಲ್ಲ ತಪ್ಪು ತಾರೀಕು ಓಗ್ಬುಟ್ಟದೆ."

"ಮೈಸೂರಿಂದ ಬಂದಿರೋರು ಐದು ಗಂಟೆಗೆ ಎದ್ದು ಹೋಗ್ತಾರೆ. ಅಷ್ಟರೊಳಗೆ ಯಾರು ಸಿಗ್ತಾರೋ ಕರ್ಕೊಂಡು ಬಾ," ಎಂದು ರಾಮಸ್ವಾಮಿಯವರು ಫೋನ್ ಇಟ್ಟುಬಿಟ್ಟರು.

ಆಗಲೇ ಎರಡು ಗಂಟೆ ದಾಟಿತ್ತು. ಪಟ್ಟಿಯಲ್ಲಿ ಎಲ್ಲರಿಗಿಂತ ಹತ್ತಿರದವಳು ಕ್ಯಾತನಹಳ್ಳಿಯ ರಂಜಿತ. ಒಬ್ಬಳನ್ನಾದರೂ ಮುಟ್ಟಿಸಿದರೆ ರಾತ್ರಿ ಅನ್ನ ಇಳಿಯುತ್ತದೆ ಎಂದುಕೊಂಡು ಮೊಪೆಡ್ ಹತ್ತಿದ.

ರಂಜಿತಳ ಅತ್ತೆ ಚಿಕ್ಕಬೋರಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು.

"ನಮ್ ರಂಜಿತನಾ? ನಾಗಮಂಗ್ಲಕ್ಕೋಗವ್ಳೆ ಕಣಪ್ಪ, ಅವ್ಳಕ್ಕನ ಮನೆಗೆ. ಅಕ್ಕನ ತಾವ ಒಂದೊಳ್ಳೆ ಸೀರೆ ಅದೆ, ಈಸ್ಕೊಂಡು ನಾಳಿಕ್ ಬತ್ತಾಳೆ. ನಾಡಿದ್ದು ಇಂಟ್ರೂ ಅಲ್ವಾ? ನೀನ್ಯಾರಪ್ಪ?"

ನಾಗಮಂಗಲಕ್ಕೆ ಹೋಗಿ ಅವಳನ್ನು ಕೂರಿಸಿಕೊಂಡು ಐದಕ್ಕೆ ಶ್ರೀರಂಗಪಟ್ಟಣ ಸೇರುವುದು ಆ ಮೊಪೆಡ್ಡಿನಲ್ಲಿ ಆಗದ ಮಾತು. ಸಿದ್ದರಾಜು ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿದ.

"ಕಾಗ್ದ ಟೈಪ್ ಮಾಡ್ದೋನು ಕಣವ್ವ. ಬಂತಾ ಅಂತ ಕೇಳನ ಅಂತ ಬಂದೆ."

"ಬಂತು ಬಂತು. ದೇವ್ರ ಪಟದ ಇಂದೆ ಮಡ್ಗಿವ್ನಿ." ಮುದುಕಿ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. "ಅಲ್ಲೇ ಇರಾಕೆ ರೂಮು ಕೊಡ್ತಾರಂತೆ. ಮೊಮ್ಮಗ್ಳು ಚಿನ್ನುಗೂ ಅಲ್ಲೇ ಇಸ್ಕೂಲಂತೆ. ನನ್ ಮಗ ತೀರೋದ್ಮೇಲೆ ರಂಜಿತ ಒಂದಿನಾನೂ ನಕ್ಕಿರ್ಲಿಲ್ಲ ಕಣ್ಮಗ. ಕಾಗ್ದ ಬಂದ ದಿನ ನಕ್ಕುಬುಟ್ಲು."

ಆಗ ಹೇಳಬೇಕಿತ್ತು. ಸಿದ್ದರಾಜು ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಬರ್ತೀನಿ ಕಣವ್ವ ಎಂದು ಹೊರಟುಬಂದ. ಕೈಕಾಲು ಹಿಡಿದು ಇನ್ನೊಂದು ದಿನ ಸಂದರ್ಶನ ಇಡಿಸಿದರೆ ಹೇಳುವ ಸಂಕಟವೇ ಇರುವುದಿಲ್ಲವಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಹೇಡಿಗೆ ನೆಪಕ್ಕೇನು ಬರ.

ಮಾರನೇ ದಿನ ಕೈಕಾಲು ಹಿಡಿದದ್ದೂ ಆಯಿತು. ರಾಮಸ್ವಾಮಿಯವರು ಕಟುಕರೇನಲ್ಲ, ಆದರೆ ಆರು ಹೆಸರಿನ ಪಟ್ಟಿ ಆಗಲೇ ಗೋಡೆಗೆ ಅಂಟಿತ್ತು.

"ಹತ್ತು ಗಂಟೆಗೆ ಬರಬೇಕಾಗಿದ್ದ ಎಂಟು ಜನ ಹತ್ತನೇ ತಾರೀಖು ಅಂತ ಇವತ್ತು ಬಂದಿದ್ರು," ಎಂದರು ಅವರು. "ಒಬ್ಬೊಬ್ರ ಮುಖ ನೋಡಿ ಹೇಳೋಷ್ಟರಲ್ಲಿ ನನಗೆ ಸಾಕಾಯ್ತು. ನಾಳೆ ಬರೋರಿಗೆ ನೀನೇ ಹೇಳ್ಕೋ."

ಹನ್ನೊಂದರಂದು ಏಳು ಗಂಟೆಗೇ ಸಿದ್ದರಾಜು ಶಾಲೆಯ ಹತ್ತಿರ ಬಂದ. ರಾತ್ರಿಯೆಲ್ಲ ನಿದ್ದೆಯಿಲ್ಲ. ಯಾರೂ ಬರುವ ಮೊದಲು ಒಂದಿಷ್ಟು ಧೈರ್ಯ ಕೂಡಿಸಿಕೊಳ್ಳೋಣ ಎಂದುಕೊಂಡಿದ್ದ. ಆದರೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಒಬ್ಬಳು ಆಗಲೇ ಕೂತಿದ್ದಳು. ಮಡಿಕೆ ಇನ್ನೂ ಹೋಗದ ನೀಲಿ ಸೀರೆ, ತೊಡೆಯ ಮೇಲೆ ನಿದ್ದೆ ಹೋದ ಹೆಣ್ಣುಮಗು. ಕೈಯಲ್ಲಿದ್ದ ಕವರಿನ ಮೇಲೆ ಅವನದೇ ಅಕ್ಷರದಲ್ಲಿ ರಂಜಿತ ಎಂದು ಬರೆದಿತ್ತು.

"ಇಷ್ಟೊತ್ಗೇ ಬಂದ್ಬುಟ್ರಾ," ಎಂದ.

"ಊಂ ಕಣಣ್ಣ. ಗಂಟೆ ಇರ್ಬೇಕಾದ ಕಡೆ ನಮ್ಮೂರೆಸ್ರು ಅದೆ. ಇಸ್ಕೂಲ್ ಮೇಷ್ಟ್ರನ್ನ ಕೇಳುದ್ರೆ, ಕಂಪ್ಯೂಟ್ರು ಕಾಗ್ದ ಅಂಗೇ ಇರ್ತದೆ ಬುಡವ್ವ ಅಂದ್ರು. ಎಷ್ಟೊತ್ಗೆ ಕರೀತಾರೋ, ಎಸ್ರು ಕೂಗ್ದಾಗ ನಾನಿಲ್ದೇ ಓದ್ರೆ ಅಂತ ಫಸ್ಟ್ ಬಸ್ಸಿಗೇ ಬಂದ್ಬುಟ್ಟೆ." ಅವನ ಮುಖ ನೋಡಿದಳು. "ನೀವೂ ಇಂಟ್ರೂಗೇ ಯಾರ್ನಾದ್ರೂ ಕರ್ಕೊಂಡ್ ಬಂದ್ರಾ? ಕುಂತ್ಕಳಿ, ಇನ್ನೂ ಬಾಗ್ಲು ತೆಗ್ದಿಲ್ಲ."

ಅವಳು ಮಗುವನ್ನು ಎಚ್ಚರವಾಗದ ಹಾಗೆ ಆ ಕಡೆಗೆ ಎಳೆದುಕೊಂಡು, ಸೀರೆಯ ಸೆರಗನ್ನು ಒತ್ತರಿಸಿ, ಕಲ್ಲಿನ ಮೇಲೆ ಅವನಿಗೆ ಜಾಗ ಮಾಡಿಕೊಟ್ಟಳು.