ಅತ್ತೆಯ ಎರಡನೆಯ ಸ್ನಾನ

ಕೆರೆ ದಡದ ಆ ಕ್ಯಾಂಪಿಗೆ ತಮ್ಮದೇ ತಟ್ಟೆ, ತಮ್ಮದೇ ಕುಡಿಯುವ ನೀರು ಕಟ್ಟಿಕೊಂಡು ಬಂದವರು ಇಬ್ಬರೇ. ಒಬ್ಬ ನಮ್ಮ ನಾಯಿ ಮುರುಕ್ಕು, ಇನ್ನೊಬ್ಬರು ನಮ್ಮತ್ತೆ ಜಯಲಕ್ಷ್ಮಮ್ಮ. ಕಾರಿನ ಡಿಕ್ಕಿಯಲ್ಲಿ ಆ ಎರಡು ಚೀಲ ಒಂದಕ್ಕೊಂದು ತಾಕದಂತೆ ಇಡುವುದರಲ್ಲೇ ನನಗೆ ಸಾಕುಬೇಕಾಗಿತ್ತು.

ಮುರುಕ್ಕು ಬೀದಿನಾಯಿಯ ಮರಿ. ಮಾಂಬಲಂ ಸ್ಟೇಷನ್ ಹತ್ತಿರ ನಡುಗುತ್ತಾ ಕೂತಿದ್ದವನನ್ನು ಮಗಳು ಮಾನ್ಯಾ ಎತ್ತಿಕೊಂಡು ಬಂದಳು. ಬಾಲ ಚಕ್ಕುಲಿಯ ಹಾಗೆ ಸುತ್ತಿಕೊಂಡಿತ್ತು, ಅದಕ್ಕೇ ತಮಿಳಿನಲ್ಲಿ ಆ ಹೆಸರು. ಮನೆಗೆ ಬಂದವನಿಗೆ ಎದುರಾದದ್ದು ಅತ್ತೆಯ ಮಡಿ.

ಅತ್ತೆಯ ಮನೆತನ ಮದ್ರಾಸಿಗೆ ಬಂದು ತಲೆಮಾರುಗಳಾದವು. ಮಾತಿನಲ್ಲಿ ತಮಿಳು ಬೆರೆಯಿತು, ಮಡಿಗೆ ಮಾತ್ರ ಏನೂ ಬೆರೆಯಲಿಲ್ಲ. ಬೆಳಗ್ಗೆ ಸ್ನಾನ ಮುಗಿಸಿ ಮಡಿಸೀರೆಯುಟ್ಟು ಅವರು ಬಚ್ಚಲಿಂದ ಹೊರಟರೆ ನಮ್ಮ ವೆಸ್ಟ್ ಮಾಂಬಲಂ ಫ್ಲ್ಯಾಟಿನಲ್ಲಿ ಕರ್ಫ್ಯೂ. ನಾಯಿ ಎದುರಾದರೆ "ದೂರ" ಅನ್ನುವರು. ಗದರುವುದಿಲ್ಲ, ಕೈ ಎತ್ತುವುದಿಲ್ಲ. ಅವನು ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟು ಕೂರುವವರೆಗೂ ನಿಂತಲ್ಲೇ ನಿಂತಿರುವರು. ಅಪ್ಪಿತಪ್ಪಿ ಬಾಲ ತಾಕಿತೋ, ಇನ್ನೊಂದು ಸ್ನಾನ. ಬೇಸಿಗೆಯಲ್ಲಿ ಲಾರಿ ನೀರಿಗೆ ಕಾಯುವ ಮನೆಯಲ್ಲಿ ಇದೆಂಥ ಹಟ ಎಂದು ನಾನು ಎಷ್ಟೋ ಸಲ ಪಾತ್ರೆ ಕುಕ್ಕಿದ್ದೇನೆ. ಹಾಸನದ ಕಡೆಯವಳು ನಾನು. ನಮ್ಮನೆ ನಾಯಿ ಜಗುಲಿಯ ಮೇಲೆ ಅಜ್ಜನ ಪಕ್ಕದಲ್ಲೇ ಮಲಗುತ್ತಿತ್ತು.

ಮುರುಕ್ಕುವನ್ನು ಬೆಸೆಂಟ್ ನಗರದ ಬೀಚಿನಲ್ಲಿ ತರಬೇತಿಗೂ ಹಾಕಿದ್ದೆವು. ಬಿಸ್ಕತ್ತು ಕಂಡರೆ ಕೂರುತ್ತಿದ್ದ, ಏಳುತ್ತಿದ್ದ, ಕೈ ಕೊಡುತ್ತಿದ್ದ. ಬಿಸ್ಕತ್ತು ಮುಗಿದರೆ ನಾವು ಯಾರೋ, ಅವನು ಯಾರೋ.

ಹುಟ್ಟುಹಬ್ಬಕ್ಕೆ ಟೆಂಟಿನಲ್ಲಿ ಮಲಗಬೇಕೆಂದು ಹಟ ಹಿಡಿದವಳು ಮಾನ್ಯಾ. ನಾಯಿಯೂ ಬರಬೇಕು, ಅಜ್ಜಿಯೂ ಬರಬೇಕು. ಚೆಂಗಲ್ಪಟ್ಟು ದಾಟಿ, ನಾಯಿಗಳನ್ನು ಒಪ್ಪುವ ಈ ಕ್ಯಾಂಪನ್ನು ನನ್ನ ಗಂಡ ಗುರುಚರಣ ಹುಡುಕಿದ. ಅಲ್ಲಿಯ ಉಸ್ತುವಾರಿ ಧನುಷ್ ಲಸಿಕೆಯ ಕಾರ್ಡು ನೋಡಿದ, ಕೊರಳ ಪಟ್ಟಿಯಲ್ಲಿ ಫೋನ್ ನಂಬರ್ ಇದೆಯೇ ಎಂದು ತಿರುಗಿಸಿ ನೋಡಿದ, ನಾಯಿ ಹೊಲಸು ಮಾಡಿದರೆ ಎತ್ತಲು ಚೀಲ ತಂದಿದ್ದೀರಾ ಎಂದು ಕೇಳಿದ. ಆಮೇಲೇ ಗೇಟು ತೆರೆದದ್ದು.

"ಚೈನ್ ಮಾತ್ರ ಬಿಡಬೇಡಿ ಸಾರ್," ಎಂದ ತಮಿಳಿನಲ್ಲಿ. "ದಡದ ಹುಲ್ಲಲ್ಲಿ ಹಾವಿದೆ. ಕಚ್ಚಿದರೆ, ನಾಯಿ ಡಾಕ್ಟರನ್ನು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ."

ಗುರುಚರಣ ಬಹಳ ಗಂಭೀರವಾಗಿ ತಲೆಯಾಡಿಸಿದ. ಮರುದಿನ ಬೆಳಗ್ಗೆ ಅದೇ ಗಂಭೀರ ಮನುಷ್ಯ, ಕಾಫಿ ಕುಡಿಯಲು ಕೈ ಬಿಡುವಾಗಲೆಂದು, ಚೈನನ್ನು ಟೆಂಟಿನ ಗೂಟಕ್ಕೆ ಕಟ್ಟಿದ. ಪಕ್ಕದಲ್ಲೇ ಕಲ್ಲುಕಂಬವಿತ್ತು. ಕೆರೆಯಿಂದ ಒಂದು ನೀರುಕಾಗೆ ಹಾರಿದ್ದೇ ತಡ, ಮುರುಕ್ಕು ಜಗ್ಗಿದ. ಗೂಟ ಕಿತ್ತು ಬಂತು, ಟೆಂಟು ಅರ್ಧ ಮಲಗಿತು, ಅವನು ಗೂಟವನ್ನೂ ಎಳೆದುಕೊಂಡು ದಡದತ್ತ ಓಡಿದ.

"ಅಮ್ಮಾ, ಮುರುಕ್ಕು ಓಡಿಪ್ಪೋಯಿಟ್ಟಾನ್," ಎನ್ನುತ್ತಾ ಮಾನ್ಯಾ ಹಿಂದೆಯೇ ಓಡಿದಳು. ಧನುಷ್ ಅವಳ ರಟ್ಟೆ ಹಿಡಿದು ನಿಲ್ಲಿಸದಿದ್ದರೆ ಏನಾಗುತ್ತಿತ್ತೋ. ಹುಲ್ಲಿನ ಅಂಚಿನಲ್ಲಿ, ಮುರುಕ್ಕುವಿನ ಎದುರಿಗೇ, ಕೊಳಕುಮಂಡಲ ಸುತ್ತಿಕೊಂಡು ಕುಕ್ಕರಿನ ಹಾಗೆ ಬುಸುಗುಡುತ್ತಿತ್ತು.

ಮುರುಕ್ಕುವಿಗೆ ಅದು ಆಟ. ಬಾಲ ಅಲ್ಲಾಡಿಸುತ್ತಾ ಮೂತಿ ಮುಂದೆ ಚಾಚಿದ. ನಾನು "ಬಾರೋ" ಅಂದೆ, ಮಾನ್ಯಾ "ವಾಡಾ" ಅಂದಳು, ಗುರುಚರಣ ಇಂಗ್ಲಿಷಿನಲ್ಲಿ ಕರೆಯುತ್ತಾ ಬಿಸ್ಕತ್ತಿನ ಪೊಟ್ಟಣ ಅಲ್ಲಾಡಿಸಿದ. ಅವನು ಕಿವಿಯನ್ನೂ ತಿರುಗಿಸಲಿಲ್ಲ. ಹೋದ, ನಮ್ಮ ಮುರುಕ್ಕು ಹೋದ ಎಂದುಕೊಂಡೆ.

"ದೂರ."

ಅತ್ತೆ. ತಗಡಿನ ಬಚ್ಚಲಿಂದ ಆಗಷ್ಟೇ ಹೊರಬಂದಿದ್ದರು, ಉಟ್ಟದ್ದು ಮಡಿಸೀರೆ, ಕೈಯಲ್ಲಿ ತಂಬಿಗೆ. ಮನೆಯಲ್ಲಿ ಹೇಳುವ ಅದೇ ದನಿ, ಕೊಂಚ ಜೋರು. ಚಾಚಿದ್ದ ಮೂತಿ ಹಿಂದೆ ಬಂತು. ಮುರುಕ್ಕು ಒಂದು ಹೆಜ್ಜೆ ಸರಿದ. ಅತ್ತೆ ನಿಂತಲ್ಲೇ ನಿಂತಿದ್ದರು.

"ಇನ್ನೂ ದೂರ."

ಅವನು ಹಿಂದೆ ಹಿಂದೆ ಸರಿದು, ಅಲ್ಲಿ ಗೋಡೆ ಸಿಗದೆ, ಒಂದು ತಾಳೆಮರಕ್ಕೆ ಬೆನ್ನು ಕೊಟ್ಟು ಕೂತ. ಹಾವು ಬಿಚ್ಚಿಕೊಂಡು ಜೊಂಡಿನೊಳಗೆ ಜಾರಿತು. ಧನುಷ್ ಉದ್ದನೆಯ ಕೋಲು ಹಿಡಿದು ಹೋಗಿ ನೋಡಿ, ಇನ್ನು ಭಯವಿಲ್ಲ ಎಂದು ಕೈ ಮಾಡಿದ.

"ಬಾ," ಅಂದರು ಅತ್ತೆ.

ಮುರುಕ್ಕು ಬರಲಿಲ್ಲ. ಅವರ ಬಾಯಿಂದ ಆ ಮಾತನ್ನು ಅವನು ಅವತ್ತಿನವರೆಗೆ ಕೇಳಿರಲೇ ಇಲ್ಲ. ಬಾಲವನ್ನು ಒಂದು ಸಲ ನೆಲಕ್ಕೆ ಬಡಿದು ಮತ್ತೆ ಮರಕ್ಕೆ ಒತ್ತಿಕೊಂಡ. ಅತ್ತೆಯ ಮುಖ ಸಣ್ಣದಾಯಿತು.

"ಪಾವಂ, ಪಾಪ, ನಾ ಅದಕ್ಕೆ ಕಲಿಸಿದ್ದು ಅದೊಂದೇ ತಾನೆ," ಎಂದು ತಂಬಿಗೆಯನ್ನು ಕಲ್ಲಿನ ಮೇಲಿಟ್ಟು ತಾವೇ ನಡೆದರು. ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಮೂತಿ, ಕಿವಿ, ಕಾಲು ಸವರಿ ಸವರಿ ನೋಡಿ, "ಎಲ್ಲೂ ಕಚ್ಚಿಲ್ಲ ಮಾ," ಎಂದರು. ಮುರುಕ್ಕು ಅವರ ಮಡಿಸೀರೆಯ ನೆರಿಗೆಯೊಳಗೆ ತಲೆ ತೂರಿಸಿದ.

ನಾನು ಆ ಕೆಸರಲ್ಲೇ ಅವರ ಕಾಲು ಮುಟ್ಟಿದೆ. ಮದುವೆಯಾದಾಗಿನಿಂದ ಹಬ್ಬಕ್ಕೆ, ಶಾಸ್ತ್ರಕ್ಕೆ ಎಂದು ಎಷ್ಟೋ ಸಲ ಬಗ್ಗಿದ್ದೆ. ಮನಸಾರೆ ಬಗ್ಗಿದ್ದು ಅವತ್ತೇ ಮೊದಲು.

"ಏಳು ಏಳು. ಎಲ್ಲಾ ಮೈಲಿಗೆ ಆಯ್ತು," ಎಂದರು. "ಇನ್ನೊಂದು ಸಲ ಸ್ನಾನ ಮಾಡ್ಬೇಕು. ನೀರಿದ್ಯಾ ನೋಡು, ಇಲ್ಲಾಂದ್ರೆ ತಣ್ಣೀರೇ ಪರವಾಗಿಲ್ಲ."

ತಣ್ಣೀರಿಗೆ ನಾನು ಬಿಡಲಿಲ್ಲ. ಒಲೆ ಹಚ್ಚಿ ನೀರು ಕಾಯಿಸಿದೆ, ಬಕೆಟ್ಟನ್ನು ನಾನೇ ಹೊತ್ತು ಬಚ್ಚಲಲ್ಲಿ ಇಟ್ಟೆ. ಧನುಷ್ ಸಹಾಯಕ್ಕೆ ಬಂದರೂ ಕೊಡಲಿಲ್ಲ. ಮುರುಕ್ಕು ತಗಡಿನ ಬಾಗಿಲಿನಿಂದ ಒಂದು ಮಾರು ಆಚೆ, ಯಾರೂ ಹೇಳದೆಯೇ ಕೂತಿದ್ದ. ಚೈನು ಈಗ ಗುರುಚರಣನ ಮುಂಗೈಗೆ ಎರಡು ಸುತ್ತು ಬಿಗಿದುಕೊಂಡಿತ್ತು.

ಒಳಗೆ ನೀರಿನ ಸದ್ದು ನಿಂತಿತು.

"ವೃಂದಾ, ದೂರ ಇದ್ದಾನಾ?"

"ಇದ್ದಾನೆ ಅತ್ತೆ," ಎಂದೆ. ಇದ್ದಾನಲ್ಲ, ಅದೇ ಸಾಕು ಎಂದುಕೊಂಡೆ. ಅವರು ಕೇಳದಿದ್ದರೂ ಇನ್ನೊಂದು ಬಕೆಟ್ ನೀರು ತರಲು ಹೊರಟೆ.